ಪೀಣ್ಯದಲ್ಲಿ ಕೆಲಸ ಇದೆ, ನಮ್ಮ ಹುಡುಗರು ಯಾಕೆ ನಿಲ್ಲುತ್ತಿಲ್ಲ?

ಪೀಣ್ಯ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಮೂರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, ಎರಡು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್), ಮೂಲೆಯಲ್ಲಿ ಒಂದು ಹಳೇ ಲೇತ್. ನನ್ನನ್ನೂ ಸೇರಿಸಿ 19 ಜನ. ಹೈಡ್ರಾಲಿಕ್ ವಾಲ್ವ್‌ಗೆ ಬೇಕಾದ ಬಿಡಿಭಾಗ ಮಾಡುತ್ತೇವೆ.

ಹದಿನೈದು ದಿನದಿಂದ ಒಂದು ವಿಎಂಸಿ ರಾತ್ರಿ ಶಿಫ್ಟ್‌ನಲ್ಲಿ ಸುಮ್ಮನೆ ನಿಂತಿದೆ. ಆರ್ಡರ್ ಇದೆ, ಕರೆಂಟ್ ಇದೆ, ಬ್ಯಾಂಕಿನ ಕಂತು ತಪ್ಪದೆ ಹೋಗುತ್ತಿದೆ. ಸೆಟ್ಟರ್ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಪರೇಟರ್ ಅಂದರೆ ಜಾಬ್ (ಕೊರೆಯಬೇಕಾದ ಲೋಹದ ತುಂಡು) ಹಾಕಿ, ಬಟನ್ ಒತ್ತಿ, ತೆಗೆದು, ಅಳತೆ ನೋಡುವವನು. ಸೆಟ್ಟರ್ ಅಂದರೆ ಡ್ರಾಯಿಂಗ್ ಓದಿ, ತುಂಡನ್ನು ಹಿಡಿಯುವ ಫಿಕ್ಸ್ಚರ್ ಕೂರಿಸಿ, ಟೂಲ್ ಆರಿಸಿ, ಆಫ್‌ಸೆಟ್ (ಟೂಲ್ ಎಲ್ಲಿರಬೇಕು ಅಂತ ಮಷಿನ್‌ಗೆ ಕೊಡುವ ಅಳತೆ) ಕೊಟ್ಟು, ಮೊದಲ ಪೀಸ್ ಸರಿಯಾಗಿ ತೆಗೆದು ಕೊಡುವವನು. ಆಪರೇಟರ್ ಹೇಗೋ ಸಿಗುತ್ತಾರೆ. ಸೆಟ್ಟರ್ ಸಿಗುವುದಿಲ್ಲ. ನಮ್ಮ ರಸ್ತೆಯಲ್ಲಿ ಹತ್ತು ಗೇಟ್ ದಾಟಿದರೆ ಆರು ಗೇಟ್‌ನಲ್ಲಿ ಒಂದೇ ಬೋರ್ಡ್: 'ವಿಎಂಸಿ ಸೆಟ್ಟರ್ ಬೇಕಾಗಿದ್ದಾರೆ'.

ನಮ್ಮಲ್ಲಿ 11 ಜನ ಒಡಿಶಾ, ಬಿಹಾರ, ಜಾರ್ಖಂಡ್ ಕಡೆಯವರು. ಒಳ್ಳೆ ಕೆಲಸಗಾರರು. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ತುಮಕೂರು, ಚಿತ್ರದುರ್ಗ, ಚಿಕ್ಕಬಳ್ಳಾಪುರದಿಂದ ಬರುವ ನಮ್ಮ ಹುಡುಗರು ಮೂರು ತಿಂಗಳಿಗೆ ಜಾಗ ಖಾಲಿ ಮಾಡುತ್ತಾರೆ. ಊರು ನೂರಿನ್ನೂರು ಕಿಲೋಮೀಟರ್ ಒಳಗೇ ಇದೆ, ಕೆಲಸ ಇಲ್ಲಿದೆ, ಆದರೂ ಎರಡೂ ಕೂಡುತ್ತಿಲ್ಲ. ಯಾಕೆ? ನಾನು ಏನು ಮಾಡಬೇಕು? ಕೆಲಸ ಮಾಡುವವರು, ಕಲಿಸುವವರು ಯಾರಾದರೂ ಇದ್ದರೆ ಮುಚ್ಚುಮರೆ ಇಲ್ಲದೆ ಹೇಳಿ.

ಶಿರಾ ಫಿಟ್ಟರ್

ಸರ್, ಮುಚ್ಚುಮರೆ ಬೇಡ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ 26 ವರ್ಷ. ಐಟಿಐ ಫಿಟ್ಟರ್. ನಾನೂ ಹಾಗೆ ಬಿಟ್ಟು ಹೋದವರಲ್ಲಿ ಒಬ್ಬ.

ಮೊದಲು ಸೇರಿದ ಕಡೆ 'ಟ್ರೈನಿ' ಅಂದರು. ಕಾರ್ಡ್ ಮೇಲೆ ಕಾಂಟ್ರಾಕ್ಟರ್ ಹೆಸರು. 14 ತಿಂಗಳು ನಾನು ಮಾಡಿದ್ದು ಒಂದೇ ಕೆಲಸ. ಜಾಬ್ ಹಾಕು, ಬಾಗಿಲು ಎಳಿ, ಹಸಿರು ಬಟನ್ ಒತ್ತು, ತೆಗಿ, ಗೇಜ್ ಹಾಕಿ ನೋಡು. ಹೋಗಬೇಕಾದ ಕಡೆ ಹೋದರೆ ಪಾಸ್, ಹೋಗಬಾರದ ಕಡೆ ಹೋದರೆ ಫೇಲ್. ಆಫ್‌ಸೆಟ್ ಪೇಜ್ ತೆರೆದರೆ ಕೈ ಮೇಲೆ ಹೊಡೆದಂತೆ ಬೈಯುತ್ತಿದ್ದರು. ಎರಡು ವರ್ಷ ಫಿಟ್ಟರ್ ಓದಿದವನು 14 ತಿಂಗಳಲ್ಲಿ ಫೈಲ್ (ಅರ) ಹಿಡಿದದ್ದು ಅಂಚಿನಲ್ಲಿ ಉಳಿಯುವ ಚೂಪು, ಅಂದರೆ ಬರ್, ತೆಗೆಯಲು ಮಾತ್ರ. ದಿನಕ್ಕೆ 12 ಗಂಟೆ. ಕೈಗೆ 12,800. ಲಗ್ಗೆರೆಯಲ್ಲಿ ನಾಲ್ಕು ಜನ ಸೇರಿ ರೂಮ್ ಮಾಡಿದ್ದೆವು. ಬಾಡಿಗೆ, ಊಟ ಕಳೆದು ಊರಿಗೆ ಎಷ್ಟು ಕಳಿಸಬಹುದು ನೀವೇ ಲೆಕ್ಕ ಹಾಕಿ.

ರೂಮಿನಲ್ಲಿದ್ದ ಒಬ್ಬ ಊಟ ಡೆಲಿವರಿಗೆ ಸೇರಿದ. ನನಗಿಂತ ಜಾಸ್ತಿ ದುಡಿಯುತ್ತಿದ್ದ. ನಾನೂ ಹೋದೆ. ಎಂಟು ತಿಂಗಳು ಬೈಕ್ ಓಡಿಸಿದೆ. ಆಮೇಲೆ ಒಂದು ದಿನ ಮಳೆಯಲ್ಲಿ ದಾಸರಹಳ್ಳಿ ಫ್ಲೈಓವರ್ ಕೆಳಗೆ ನಿಂತಾಗ ಅನಿಸಿತು, ಮೂವತ್ತೈದು ವರ್ಷಕ್ಕೆ ನನ್ನ ಕೈಯಲ್ಲಿ ಏನಿರುತ್ತೆ? ವಾಪಸ್ ಬಂದೆ.

ಎರಡನೇ ಶಾಪ್‌ನಲ್ಲಿ ಹಿರಿಯರೊಬ್ಬರು ಸಿಕ್ಕರು. ಒಂದು ಶಾಫ್ಟ್ ಓಡುತ್ತಿತ್ತು. ಡ್ರಾಯಿಂಗ್‌ನಲ್ಲಿ 25 ಮಿಲಿಮೀಟರ್, ಮೇಲೆ ಸೊನ್ನೆ, ಕೆಳಗೆ 0.03 ಟಾಲರೆನ್ಸ್. ಅಂದರೆ 25.00 ದಾಟಬಾರದು, 24.97ಕ್ಕಿಂತ ಕಮ್ಮಿ ಆಗಬಾರದು. ಶಿಫ್ಟ್ ಶುರುವಾದಾಗ 24.98 ಬರುತ್ತಿತ್ತು. ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಸವೆದಂತೆ ಡಯಾ ಏರುತ್ತಾ ಬಂದು 25.00 ಮುಟ್ಟಿತು. 'ಈಗ ಏನು ಮಾಡ್ತೀಯ?' ಅಂದರು. ಹೆದರಿಕೆಯಲ್ಲಿ, ಸವೆತ ಸರಿದೂಗಿಸುವ ವೇರ್ ಆಫ್‌ಸೆಟ್‌ನಲ್ಲಿ ಮೈನಸ್ ಬದಲು ಪ್ಲಸ್ 0.02 ಕೊಟ್ಟೆ. ಮುಂದಿನ ಪೀಸ್ 25.02 ಬಂತು. ಮೈಕ್ರೋಮೀಟರ್ ಹಿಡಿದು ಬೈಗುಳಕ್ಕೆ ಕಾಯುತ್ತಾ ನಿಂತೆ. ಅವರು ಬೈಯಲಿಲ್ಲ. 'ಜಾಸ್ತಿ ಇದ್ದರೆ ಇನ್ನೊಂದು ಸಲ ಕಟ್ ತಗೋಬಹುದು ಮಗಾ, ಕಮ್ಮಿ ಆದರೆ ಅಂಟಿಸೋಕೆ ಆಗಲ್ಲ. ಈಗ ಸರಿ ಮಾಡು' ಅಂದರು. ಆ ಪೀಸ್ ನಾನೇ ಸರಿ ಮಾಡಿದೆ. ಅವತ್ತಿನಿಂದ ಆ ಮಷಿನ್ ನನ್ನದು ಅನಿಸಿತು.

ಈಗ ನಾನು ಸೆಟ್ಟರ್. ತಿಂಗಳಿಗೆ 27,000. ಸರ್, ನಿಮ್ಮನ್ನು ಒಂದೇ ಮಾತು ಕೇಳುತ್ತೇನೆ. ನಿಮ್ಮ ಶಾಪ್‌ನಲ್ಲಿ ಮೂರು ತಿಂಗಳಿಗೆ ಬಿಟ್ಟು ಹೋದ ಹುಡುಗರಿಗೆ ಆ ಮೂರು ತಿಂಗಳಲ್ಲಿ ಯಾರು ಏನು ಕಲಿಸಿದರು?

ಪೀಣ್ಯ ಎರಡನೇ ಹಂತ

ತಮ್ಮ, ಇದನ್ನು ಎರಡು ಸಲ ಓದಿದೆ. ಕಲಿಸಿದವರು ಯಾರೂ ಇಲ್ಲ. 'ನೋಡ್ತಾ ನೋಡ್ತಾ ಕಲೀತಾರೆ' ಅಂದುಕೊಂಡಿದ್ದೆ.

ಹಳೇ ಟರ್ನರ್

ನೋಡುತ್ತಾ ಯಾರೂ ಕಲಿಯುವುದಿಲ್ಲ. ಪಕ್ಕದಲ್ಲಿ ಒಬ್ಬ ನಿಲ್ಲಬೇಕು.

ನಾನು 1977ರಲ್ಲಿ ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದವನು. ಮೊದಲ ತಿಂಗಳುಗಳಲ್ಲಿ ಮಷಿನ್ ಹತ್ತಿರ ಬಿಡಲೇ ಇಲ್ಲ. ಕೈಗೆ ಒಂದು ಕಬ್ಬಿಣದ ತುಂಡು, ಒಂದು ಹ್ಯಾಕ್ಸಾ, ಒಂದು ಫೈಲ್ ಕೊಟ್ಟರು. ಆರೂ ಮುಖ ಚೌಕ ಬರಬೇಕು. ಫೈಲ್ ಹಾಕಿ ಹಾಕಿ ಅಂಗೈಯಲ್ಲಿ ಬೊಬ್ಬೆ. ಟ್ರೈ ಸ್ಕ್ವೇರ್ ಇಟ್ಟು ಕಿಟಕಿ ಬೆಳಕಿಗೆ ಹಿಡಿಯಬೇಕು. ಅಂಚಿನ ಕೆಳಗೆ ಕೂದಲೆಳೆಯಷ್ಟು ಬೆಳಕು ಕಂಡರೂ ನಮ್ಮ ಮೇಷ್ಟ್ರು ತುಂಡನ್ನು ಮಾತಿಲ್ಲದೆ ವಾಪಸ್ ಬೆಂಚ್ ಮೇಲೆ ಇಡುತ್ತಿದ್ದರು. ನನ್ನದು ಹನ್ನೊಂದು ಸಲ ವಾಪಸ್ ಬಂತು. ಹನ್ನೆರಡನೇ ಸಲ ಬೆಳಕು ಕಾಣಲಿಲ್ಲ. ಈಗಲೂ ಆ ತುಂಡು ದೇವರ ಮನೆಯಲ್ಲಿ ಇಟ್ಟಿದ್ದೇನೆ.

ಬೆಂಗಳೂರಿನಲ್ಲಿ ಎಚ್‌ಎಎಲ್ 1940ರಲ್ಲಿ ಬಂತು. ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ 1948, ಎಚ್‌ಎಂಟಿ 1953, ಬಿಇಎಲ್ 1954. ಈ ದೊಡ್ಡ ಕಾರ್ಖಾನೆಗಳು ತಮ್ಮ ಖರ್ಚಿನಲ್ಲಿ ಹುಡುಗರನ್ನು ತಯಾರು ಮಾಡಿದವು. ಅಲ್ಲಿ ಕಲಿತವರೇ ಎಷ್ಟೋ ಜನ ಹೊರಗೆ ಬಂದು ರಾಜಾಜಿನಗರದಲ್ಲಿ, ಪೀಣ್ಯದಲ್ಲಿ ಶೆಡ್ ಹಾಕಿದರು. ಪೀಣ್ಯದ ಬೇರು ಅಲ್ಲಿದೆ. ಒಂದು ಕಾಲದಲ್ಲಿ ಆ ದೊಡ್ಡ ಕೆರೆಯಿಂದ ಊರೆಲ್ಲ ನೀರು ಕುಡಿಯಿತು. ನಮ್ಮ ತಲೆಮಾರು ರಿಟೈರ್ ಆಯಿತು. ಕೆರೆ ತುಂಬಿಸುವ ಕೆಲಸ ಯಾರದು ಅಂತ ಸಣ್ಣ ಶಾಪ್‌ನವರು ಕೇಳಲೇ ಇಲ್ಲ. ತಮ್ಮ ಸೆಟ್ಟರ್ ಕಾಯಿಲೆ ಬಿದ್ದಾಗ ಮಾತ್ರ ನನ್ನಂಥ ಮುದುಕರಿಗೆ ಫೋನ್ ಮಾಡುತ್ತಾರೆ, 'ಸರ್, ಎರಡು ದಿನ ಬಂದು ಸೆಟ್ಟಿಂಗ್ ಮಾಡಿ ಕೊಡ್ತೀರಾ' ಅಂತ.

ಕನ್ನಡಿಗ ವಿಜಯನಗರ

ಇಷ್ಟೆಲ್ಲ ಯಾಕೆ? ಲೋಕಲ್ ಜನಕ್ಕೆ ಇಂತಿಷ್ಟು ಕೆಲಸ ಅಂತ ಕಾನೂನು ತಂದರೆ ಎಲ್ಲ ಮಾಲೀಕರೂ ತಾವಾಗಿ ಕಲಿಸುತ್ತಾರೆ.

ಎಚ್‌ಆರ್ ಬೊಮ್ಮಸಂದ್ರ

ನಿಮ್ಮ ಕಾಳಜಿ ಅರ್ಥವಾಗುತ್ತದೆ. ನನಗೂ ಕನ್ನಡದವರೇ ಬೇಕು. ಕನ್ನಡಿಗರಿಗೆ ಕೆಲಸ ಕೊಡಬೇಕು ಅಂದ ಸರೋಜಿನಿ ಮಹಿಷಿ ವರದಿ ಬಂದದ್ದು ಎಂಬತ್ತರ ದಶಕದಲ್ಲಿ. ಅಂದಿನಿಂದ ಇದೇ ಮಾತು. 2024ರ ಜುಲೈನಲ್ಲಿ ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ 50%, ಉಳಿದ ಹುದ್ದೆಯಲ್ಲಿ 70% ಸ್ಥಳೀಯರಿಗೆ ಅಂತ ಮಸೂದೆಗೆ ಸಂಪುಟ ಒಪ್ಪಿತು, ಕೆಲವೇ ದಿನದಲ್ಲಿ ತಡೆ ಹಿಡಿದರು. ಕಾನೂನು ಬಂದರೂ ಬರಲಿ. ಆದರೆ ಸೆಟ್ಟರ್ ಹುದ್ದೆ ಮೀಸಲಿಟ್ಟ ಮಾತ್ರಕ್ಕೆ ಮರುದಿನ ಸೆಟ್ಟರ್ ಹುಟ್ಟುವುದಿಲ್ಲ, ಅಲ್ವಾ? ಒಬ್ಬ ಸೆಟ್ಟರ್ ಆಗಲು ಮೂರು ನಾಲ್ಕು ವರ್ಷ ಬೇಕು.

ಈಗಲೇ ಇರುವ ಕಾನೂನನ್ನೇ ನಾವು ಬಳಸುತ್ತಿಲ್ಲ. ಅಪ್ರೆಂಟಿಸ್ ಕಾಯ್ದೆ 1961ರದ್ದು. 30 ಜನ ಅಥವಾ ಜಾಸ್ತಿ ಇರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳಲೇಬೇಕು, ಒಟ್ಟು ಸಂಖ್ಯೆಯ 2.5%ರಿಂದ 15% ತನಕ. 4ರಿಂದ 29 ಜನ ಇರುವ ಕಡೆ ಕಡ್ಡಾಯ ಇಲ್ಲ, ಬೇಕಾದರೆ ತೆಗೆದುಕೊಳ್ಳಬಹುದು. ಅಂದರೆ ಪೀಣ್ಯ ಸರ್, ನಿಮಗೂ ಬಾಗಿಲು ತೆರೆದಿದೆ. 2019ರ ನಿಯಮದಲ್ಲಿ ಐಟಿಐ ಆದವರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000. ಅದರಲ್ಲಿ 25%, ಗರಿಷ್ಠ 1,500 ರೂಪಾಯಿಯನ್ನು ಕೇಂದ್ರ ಸರ್ಕಾರ ಭರಿಸುತ್ತದೆ, ಹಣ ನೇರ ಹುಡುಗನ ಖಾತೆಗೆ ಬರುತ್ತದೆ. ಕೊನೆಯಲ್ಲಿ ಪರೀಕ್ಷೆ ಪಾಸಾದರೆ ದೇಶವೆಲ್ಲ ಒಪ್ಪುವ ಸರ್ಟಿಫಿಕೇಟ್.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಅಪ್ರೆಂಟಿಸ್ ಅಂದರೆ ಅಗ್ಗದ ಹೆಲ್ಪರ್ ಅಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಸಂಬಳ ಕಮ್ಮಿ ಅಂತ ಪ್ರೊಡಕ್ಷನ್ ಲೈನ್‌ಗೆ ನಿಲ್ಲಿಸಿ ವರ್ಷ ಮುಗಿದ ಮೇಲೆ ಕಳಿಸಿ, ಹೊಸ ಬ್ಯಾಚ್ ತರುವವರನ್ನು ಕಣ್ಣಾರೆ ನೋಡಿದ್ದೇನೆ. ಹಾಗೆ ಮಾಡುವುದಾದರೆ ದಯವಿಟ್ಟು ತೆಗೆದುಕೊಳ್ಳಬೇಡಿ. ಆ ಹುಡುಗ ಊರಿಗೆ ಹೋಗಿ ಹೇಳುವ ಒಂದು ಮಾತಿಗೆ ಹತ್ತು ಹುಡುಗರು ಬೆಂಗಳೂರಿನ ಫ್ಯಾಕ್ಟರಿ ಬೇಡ ಅನ್ನುತ್ತಾರೆ.

ಐಟಿಐ ಮೇಷ್ಟ್ರು

ನಾನು ಸರ್ಕಾರಿ ಐಟಿಐನಲ್ಲಿ ಕಲಿಸುತ್ತೇನೆ. 2022ರಲ್ಲಿ ರಾಜ್ಯದ 150 ಐಟಿಐಗಳು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿದವು. ಸಿಎನ್‌ಸಿ ಬಂತು, ರೋಬಾಟ್ ಬಂತು. ನಾವು ಓದುವಾಗ ಚಿತ್ರದಲ್ಲಿ ನೋಡಿದ್ದನ್ನು ಈಗಿನ ಹಳ್ಳಿ ಹುಡುಗರು ಮುಟ್ಟಿ ನೋಡುತ್ತಾರೆ. ಅದರ ಸಂತೋಷ ನನಗೆ ದೊಡ್ಡದು. ಆದರೆ ಒಂದು ಮಷಿನ್ ಮುಂದೆ 20 ಹುಡುಗರು. ಒಬ್ಬನಿಗೆ ವಾರಕ್ಕೆ ಎಷ್ಟು ನಿಮಿಷ ಸಿಗುತ್ತದೆ? ಇನ್ಸರ್ಟ್ ಮುರಿದರೆ ಮುಂದಿನದು ಯಾವಾಗ ಬರುತ್ತದೋ ಅಂತ ನಾನೂ ಹೆದರಿ ಅವರಿಗೆ ಕಟ್ ಕೊಡಲು ಬಿಡುವುದಿಲ್ಲ. ಮುರಿಯದೆ ಯಾರು ಕಲಿಯುತ್ತಾರೆ?

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದ ಎಷ್ಟು ಹುಡುಗರು ಬೈಸಿಕೊಂಡಿದ್ದಾರೋ. ನಾವು ಡ್ರಾಯಿಂಗ್ ಕಲಿಸುವುದು ಮುಖ್ಯವಾಗಿ ಫಸ್ಟ್ ಆಂಗಲ್‌ನಲ್ಲಿ. ಅಮೆರಿಕದ ಗಿರಾಕಿಯ ಡ್ರಾಯಿಂಗ್ ಥರ್ಡ್ ಆಂಗಲ್‌ನಲ್ಲಿ ಬರುತ್ತದೆ. ಒಂದರಲ್ಲಿ ಎಡಗಡೆಯಿಂದ ನೋಡಿದ ಚಿತ್ರವನ್ನು ಬಲಕ್ಕೆ ಬರೆಯುತ್ತಾರೆ, ಇನ್ನೊಂದರಲ್ಲಿ ಎಡಕ್ಕೇ ಬರೆಯುತ್ತಾರೆ. ಮೂಲೆಯಲ್ಲಿ ಮೊಟಕು ಕೋನ್‌ನ ಪುಟ್ಟ ಗುರುತು ಇರುತ್ತದೆ. ಅದನ್ನು ನೋಡದಿದ್ದರೆ ಹೋಲ್ ತಪ್ಪು ಮುಖಕ್ಕೆ ಬೀಳುತ್ತದೆ. ನಮ್ಮ ವಿದ್ಯಾರ್ಥಿಯೊಬ್ಬ ಸೇರಿದ ಎರಡನೇ ವಾರ ಹಾಗೆ ಆರು ಪೀಸ್ ಹಾಳು ಮಾಡಿ, ಸಂಬಳ ಕಟ್ ಆಗಿ, ಅಳುತ್ತಾ ಫೋನ್ ಮಾಡಿದ್ದ. ತಪ್ಪು ಅವನದಲ್ಲ. ಗುರುತನ್ನು ನಾನು ಒಂದೇ ಕ್ಲಾಸ್‌ನಲ್ಲಿ ತೋರಿಸಿ ಮುಂದೆ ಹೋಗಿದ್ದೆ. ಈಗ ನಿಜವಾದ ಶಾಪ್ ಡ್ರಾಯಿಂಗ್ ತಂದು ತಿಂಗಳಿಡೀ ಓದಿಸುತ್ತೇನೆ.

ಮಾಲೀಕರಲ್ಲಿ ಕೇಳುವುದು ಇಷ್ಟೇ. ನಿಮ್ಮ ಹಳೇ ಡ್ರಾಯಿಂಗ್‌ಗಳನ್ನು ಗಿರಾಕಿಯ ಹೆಸರು ತೆಗೆದು ಕೊಡಿ. ರಿಜೆಕ್ಟ್ ಆದ ಪೀಸ್ ಕೊಡಿ, ಗುಜರಿಗೆ ಹಾಕಬೇಡಿ. ಒಂದು ತುದಿ ಸವೆದ ಇನ್ಸರ್ಟ್ ಕೊಡಿ, ಉಳಿದ ತುದಿಯಲ್ಲಿ ನಮ್ಮ ಹುಡುಗರು ಕಲಿಯುತ್ತಾರೆ.

ಜಿಗಣಿ ಮಾಲೀಕ

ಎಲ್ಲ ಸರಿ. ನಾನು ಕಲಿಸಿದ್ದೇನೆ. ಎರಡು ವರ್ಷ ಕಲಿಸಿದ ಮೂರು ಹುಡುಗರನ್ನು ಪಕ್ಕದ ಯೂನಿಟ್‌ನವರು ತಿಂಗಳಿಗೆ 2,000 ಜಾಸ್ತಿ ಕೊಟ್ಟು ಎಳೆದುಕೊಂಡರು. ಆ ನೋವು ಉಂಡವನಿಗೇ ಗೊತ್ತು. ಇನ್ನು ಕಲಿಸುವ ಮನಸ್ಸಿಲ್ಲ.

ಶಿರಾ ಫಿಟ್ಟರ್

ಜಿಗಣಿ ಸರ್, ನಿಮಗೆ ನೋವಾಗಿದ್ದು ನಿಜ. ಆದರೆ ಆ ಹುಡುಗರಿಗೆ ಎರಡು ವರ್ಷದಲ್ಲಿ ಎಷ್ಟು ಸಲ ಸಂಬಳ ಏರಿಸಿದಿರಿ? ಮುಂದಿನ ವರ್ಷ ಏನಾಗುತ್ತೀಯ ಅಂತ ಕಾಗದದಲ್ಲಿ ಬರೆದು ಕೊಟ್ಟಿದ್ದಿರಾ? ನಮಗೆ 2,000 ಚಿಕ್ಕ ದುಡ್ಡಲ್ಲ, ತಂಗಿಯ ಕಾಲೇಜ್ ಬಸ್ ಚಾರ್ಜ್. ಆದರೆ ಈಗಿನ ಶಾಪ್‌ನಲ್ಲಿ ನನಗೆ ಸೇರುವಾಗಲೇ ಹೇಳಿದರು. ಆರು ತಿಂಗಳಿಗೆ ಆಪರೇಟರ್, ಒಂದೂವರೆ ವರ್ಷಕ್ಕೆ ಸಣ್ಣ ಸೆಟ್ಟಿಂಗ್, ಮೂರು ವರ್ಷಕ್ಕೆ ಸೆಟ್ಟರ್. ಪ್ರತಿ ಮೆಟ್ಟಿಲಿಗೂ ಇಷ್ಟು ಸಂಬಳ. ಹೇಳಿದಂತೆ ಕೊಟ್ಟರು. ಹೊರಗಿನಿಂದ ಎರಡು ಸಲ ಕರೆದರು, ನಾನು ಹೋಗಲಿಲ್ಲ.

ಹಳೇ ಟರ್ನರ್

ಒಬ್ಬನೇ ಕಲಿಸಿದರೆ ಕಳೆದುಕೊಳ್ಳುವ ಭಯ. ಒಂದು ರಸ್ತೆಯ ಐದು ಶಾಪ್ ಸೇರಿ ಕಲಿಸಿದರೆ? ಒಬ್ಬರಲ್ಲಿ ಟರ್ನಿಂಗ್, ಒಬ್ಬರಲ್ಲಿ ಮಿಲ್ಲಿಂಗ್, ಒಬ್ಬರಲ್ಲಿ ಗ್ರೈಂಡಿಂಗ್, ಒಬ್ಬರಲ್ಲಿ ಇನ್‌ಸ್ಪೆಕ್ಷನ್. ಹುಡುಗ ಒಂದು ವರ್ಷ ಸುತ್ತುತ್ತಾನೆ. ಕೊನೆಗೆ ಯಾರಲ್ಲಿ ನಿಂತರೂ ಆ ರಸ್ತೆಯಲ್ಲೇ ಇರುತ್ತಾನೆ. ಕಲಿಸಲು ನಾನು ಬರುತ್ತೇನೆ, ದುಡ್ಡು ಬೇಡ. ಮೊಣಕಾಲು ನೋವು, ಕೂರಲು ಒಂದು ಸ್ಟೂಲ್ ಕೊಟ್ಟರೆ ಸಾಕು.

ದೊಡ್ಡಬಳ್ಳಾಪುರದ ಅಕ್ಕ

ಇಷ್ಟು ಹೊತ್ತು ಎಲ್ಲರೂ 'ಹುಡುಗರು, ಹುಡುಗರು' ಅಂತಲೇ ಬರೆದಿದ್ದೀರಿ. ನಾನು ಎಲೆಕ್ಟ್ರಾನಿಕ್ಸ್ ಅಸೆಂಬ್ಲಿಯಲ್ಲಿ ಲೈನ್ ಲೀಡರ್. ನನ್ನ ಲೈನ್‌ನಲ್ಲಿ 40 ಹೆಣ್ಣುಮಕ್ಕಳು. ದೇವನಹಳ್ಳಿ, ನರಸಾಪುರ ಕಡೆಯ ಫೋನ್ ಫ್ಯಾಕ್ಟರಿಗಳಲ್ಲಿ ನೋಡಿ, ಕೆಲಸ ಮಾಡುವವರಲ್ಲಿ ಎಷ್ಟು ಜನ ಹುಡುಗಿಯರು. ಗಾರ್ಮೆಂಟ್ಸ್ ಅಂತೂ ನಡೆದದ್ದೇ ನಮ್ಮ ಅಮ್ಮಂದಿರ ಕೈಯಲ್ಲಿ. ಅಪ್ಪಂದಿರು ಕಳಿಸುತ್ತಾರೆ. ಮನೆ ಹತ್ತಿರಕ್ಕೆ ಬಸ್ ಬರುತ್ತದೆ, ಹಾಸ್ಟೆಲ್‌ನಲ್ಲಿ ವಾರ್ಡನ್ ಇರುತ್ತಾರೆ, ಅದಕ್ಕೆ ಕಳಿಸುತ್ತಾರೆ.

ನಮ್ಮ ಲೈನ್‌ನಲ್ಲಿ ಒಬ್ಬಳಿದ್ದಾಳೆ, ಗೌರಿಬಿದನೂರು ಕಡೆಯವಳು. ಐಟಿಐ ಮಷಿನಿಸ್ಟ್ ಪಾಸ್. ಕೈ ಅಷ್ಟು ಸೂಕ್ಷ್ಮ. ದಿನವಿಡೀ ಸ್ಕ್ರೂ ಹಾಕುತ್ತಾಳೆ. 'ಮಷಿನ್ ಶಾಪ್‌ಗೆ ಯಾಕೆ ಹೋಗಲಿಲ್ಲ?' ಅಂತ ಕೇಳಿದೆ. 'ಮೂರು ಕಡೆ ಹೋಗಿ ಕೇಳಿದೆ ಅಕ್ಕ, ಮೂರೂ ಕಡೆ ಟಾಯ್ಲೆಟ್ ಇರಲಿಲ್ಲ' ಅಂದಳು.

ಪೀಣ್ಯ ಸರ್, ನಿಮ್ಮ ಶಾಪ್‌ನಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಟಾಯ್ಲೆಟ್ ಇದೆಯಾ?

ಪೀಣ್ಯ ಎರಡನೇ ಹಂತ

ಇಲ್ಲ ಅಮ್ಮ. ಈ ಪ್ರಶ್ನೆ ಇಷ್ಟು ವರ್ಷದಲ್ಲಿ ನನಗೆ ಹೊಳೆಯಲೇ ಇಲ್ಲ. ನಾಳೆಯೇ ಪ್ಲಂಬರ್‌ನನ್ನು ಕರೆಸುತ್ತೇನೆ.

ಗಂಜಾಂನಿಂದ ಬಂದವನು

ನನ್ನ ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ. ನಾನು ಒಡಿಶಾದವನು, ಬೆಂಗಳೂರಿಗೆ ಬಂದು 9 ವರ್ಷ. ಗ್ರೈಂಡಿಂಗ್ ಮಾಡುತ್ತೇನೆ. ಕನ್ನಡ ಕಲಿತದ್ದು ಶಾಪ್‌ನಲ್ಲೇ. ಮಂಡ್ಯದ ಮೇಸ್ತ್ರಿ ಕಲಿಸಿದರು, ಕೆಲಸ ಮತ್ತು ಭಾಷೆ ಎರಡೂ ಒಟ್ಟಿಗೆ. ಈಗ ಇಬ್ಬರು ಹಾಸನದ ಹುಡುಗರಿಗೆ ನಾನು ಕಲಿಸುತ್ತಿದ್ದೇನೆ. ಮಗಳು ಇಲ್ಲೇ ಹುಟ್ಟಿದ್ದು, ಸರ್ಕಾರಿ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸ್. ಲೋಕಲ್ ಅಂತ ಲೆಕ್ಕ ಹಾಕುವಾಗ ಅವಳನ್ನೂ ಸೇರಿಸಿಕೊಳ್ಳಿ.

ಕನ್ನಡಿಗ ವಿಜಯನಗರ

ಖಂಡಿತ ಅಣ್ಣ. ನಿಮ್ಮ ಮಗಳು ನಮ್ಮವಳೇ.

ಪಾವಗಡದ ಅಪ್ಪ

ನನ್ನ ಮಗ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಾನೆ. ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುತ್ತಾನೆ. ಓದಿನಲ್ಲಿ ಅಷ್ಟಕ್ಕಷ್ಟೆ. ಊರಲ್ಲಿ ಎಲ್ಲರೂ ಪಿಯುಸಿ, ಡಿಗ್ರಿ ಅಂತಾರೆ. ಐಟಿಐ ಅಂದರೆ ಮರ್ಯಾದೆ ಇಲ್ಲ ಅಂತಾರೆ. ಏನು ಮಾಡಲಿ?

ಐಟಿಐ ಮೇಷ್ಟ್ರು

ಅಣ್ಣ, ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವ ಹುಡುಗನಿಗೆ ಓದು ಬರಲ್ಲ ಅಂತ ಯಾರೂ ಹೇಳಬೇಡಿ. ಅವನು ಕೈಯಲ್ಲಿ ಓದುತ್ತಾನೆ.

ಹತ್ತನೇ ಕ್ಲಾಸ್ ಆದ ಮೇಲೆ ಮೂರು ದಾರಿ ಹೇಳುತ್ತೇನೆ. ಒಂದು, ಐಟಿಐ. ಫಿಟ್ಟರ್, ಟರ್ನರ್, ಮಷಿನಿಸ್ಟ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಎರಡು, ಜಿಟಿಟಿಸಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ರಾಜಾಜಿನಗರದಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್. ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ, ಜೊತೆಗೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಈಗ ಹಲವು ಜಿಲ್ಲೆಗಳಲ್ಲಿ ಇದೆ. ಅಲ್ಲಿ ಕಲಿತವನ ಕೈಗೆ ಕೆಲಸ ಹುಡುಕಿಕೊಂಡು ಬರುತ್ತದೆ. ಮೂರು, ಬಿಡದಿಯ ಟೊಯೊಟಾ ತರಬೇತಿ ಸಂಸ್ಥೆ. 2007ರಿಂದ ಇದೆ. ಬಡ ಹಳ್ಳಿ ಮಕ್ಕಳಿಗೆ ಅಂತಲೇ ಮಾಡಿದ್ದು. ಮೂರು ವರ್ಷ, ಊಟ ವಸತಿ ಸೇರಿ. ಪೈಪೋಟಿ ಜಾಸ್ತಿ, ಪ್ರವೇಶ ಪರೀಕ್ಷೆಗೆ ತಯಾರಿ ಬೇಕು. ನಿಮ್ಮ ಮಗನನ್ನು ಒಂದು ಸಲ ಕರೆದುಕೊಂಡು ಬನ್ನಿ, ಮಷಿನ್ ತೋರಿಸುತ್ತೇನೆ. ಆಮೇಲೆ ಅವನೇ ಹೇಳಲಿ.

ಜಿಗಣಿ ಮಾಲೀಕ

ಎರಡು ದಿನ ಯೋಚನೆ ಮಾಡಿದೆ. ಶಿರಾ ಹುಡುಗ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಎರಡು ವರ್ಷದಲ್ಲಿ ಒಂದೇ ಸಲ ಏರಿಸಿದ್ದೆ, 500 ರೂಪಾಯಿ. ಮೆಟ್ಟಿಲು ಮೆಟ್ಟಿಲಾಗಿ ಬರೆದು ಕೊಡುವುದು ಹೇಗೆ ಅಂತ ಎಚ್‌ಆರ್ ಮೇಡಂ ಒಂದು ಮಾದರಿ ಕಳಿಸಿದರೆ ಉಪಕಾರ.

ಎಚ್‌ಆರ್ ಬೊಮ್ಮಸಂದ್ರ

ಇವತ್ತೇ ಕಳಿಸುತ್ತೇನೆ ಸರ್. ಕನ್ನಡದಲ್ಲೇ ಬರೆದಿದ್ದೇನೆ. ಹುಡುಗರ ಅಪ್ಪ ಅಮ್ಮನೂ ಓದಬೇಕು.

ಪೀಣ್ಯ ಎರಡನೇ ಹಂತ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಶನಿವಾರ ಮೇಷ್ಟ್ರ ಐಟಿಐಗೆ ಹೋಗಿದ್ದೆ. ಎರಡು ಗೋಣಿ ರಿಜೆಕ್ಟ್ ಪೀಸ್, ಒಂದು ಡಬ್ಬ ಇನ್ಸರ್ಟ್, 30 ಡ್ರಾಯಿಂಗ್ ಕೊಟ್ಟು ಬಂದೆ. ಒಬ್ಬ ಹುಡುಗ ರಿಜೆಕ್ಟ್ ಪೀಸ್ ಕೈಗೆತ್ತಿಕೊಂಡು 'ಇದು ಯಾಕೆ ಫೇಲ್ ಸರ್?' ಅಂದ. ವರ್ನಿಯರ್ ಕೊಟ್ಟು 'ನೀನೇ ಹುಡುಕು' ಅಂದೆ. ಹತ್ತು ನಿಮಿಷಕ್ಕೆ ಗ್ರೂವ್ ಅಗಲ 0.1 ಜಾಸ್ತಿ ಅಂತ ಕಂಡುಹಿಡಿದ. ಅವನು ಬರುವ ತಿಂಗಳಿಂದ ನಮ್ಮಲ್ಲಿ ಅಪ್ರೆಂಟಿಸ್.

ಅಕ್ಕ ಹೇಳಿದ ಗೌರಿಬಿದನೂರಿನ ಹುಡುಗಿ ಮಾತಾಡಿದಳು. ಟಾಯ್ಲೆಟ್ ಕೆಲಸ ಮುಗಿದಿದೆ, ಬಾಗಿಲಿಗೆ ಒಳಗಿಂದ ಚಿಲಕ, ಲೈಟ್, ನೀರು ಎಲ್ಲ ಇದೆ. ಆಕೆಯ ತಂದೆ ಬಂದು ನೋಡಿ ಹೋದರು. ಹಗಲು ಶಿಫ್ಟ್ ಮಾತ್ರ ಅಂತ ಮಾತು ಕೊಟ್ಟಿದ್ದೇನೆ. ಆಕೆ ಅಪ್ರೆಂಟಿಸ್ ಅಲ್ಲ, ಆಪರೇಟರ್ ಆಗಿ ಪಿಎಫ್, ಇಎಸ್‌ಐ ಸಹಿತ ಬರುತ್ತಾಳೆ.

ಅಪ್ರೆಂಟಿಸ್‌ಗೆ 7,000 ಕೊಟ್ಟರೆ ಪೀಣ್ಯದಲ್ಲಿ ಬದುಕಲು ಆಗಲ್ಲ. 12,000 ಕೊಡುತ್ತೇನೆ. ರಸ್ತೆಯ ಇನ್ನು ಮೂರು ಶಾಪ್‌ನವರು ಸುತ್ತುವ ವ್ಯವಸ್ಥೆಗೆ ಒಪ್ಪಿದ್ದಾರೆ, ಒಬ್ಬರು ಇನ್ನೂ ಯೋಚಿಸುತ್ತಿದ್ದಾರೆ. ಹಳೇ ಟರ್ನರ್ ಸರ್‌ಗೆ ಬೆನ್ನಿರುವ ಕುರ್ಚಿಯೇ ತಂದಿದ್ದೇನೆ. ಮೊದಲ ತಿಂಗಳು ಫೈಲಿಂಗ್, ಬೆಳಕಿಗೆ ಹಿಡಿದು ನೋಡುವುದು.

ಶಿರಾ ತಮ್ಮ, ನಿಮ್ಮನ್ನು ಒಂದು ಕೇಳಬೇಕಿತ್ತು. ಭಾನುವಾರ ಎರಡು ಗಂಟೆ ಬಂದು ಮಕ್ಕಳಿಗೆ ಆಫ್‌ಸೆಟ್ ಹೇಳಿಕೊಡುತ್ತೀರಾ? ನಿಮ್ಮ ಸಮಯಕ್ಕೆ ದುಡ್ಡು ಕೊಡುತ್ತೇನೆ.

ಶಿರಾ ಫಿಟ್ಟರ್

ಬರುತ್ತೇನೆ ಸರ್. ಮೊದಲು ನಮ್ಮ ಮಾಲೀಕರಿಗೆ ಒಂದು ಮಾತು ಹೇಳಿಬಿಡುತ್ತೇನೆ, ಬೇಡ ಅನ್ನುವವರಲ್ಲ. ಭಾನುವಾರ ಬೆಳಿಗ್ಗೆ 10ಕ್ಕೆ ಆಗಬಹುದಾ? ನಿಮ್ಮ ವಿಎಂಸಿಯಲ್ಲಿ ಕಂಟ್ರೋಲ್ (ಮಷಿನ್ ನಡೆಸುವ ಕಂಪ್ಯೂಟರ್) ಯಾವ ಕಂಪನಿಯದು?

ಪೀಣ್ಯ ಎರಡನೇ ಹಂತ

ಫಾನಕ್. 10ಕ್ಕೆ ಬನ್ನಿ, ತಿಂಡಿ ನಮ್ಮಲ್ಲೇ.